ಹನ್ನೆರಡರ ಆಚೆಯ ಕಾರ್ಡ್‌ಗಳು: ಮೈಕ್ರೋಟೋನಲ್ ಶ್ರುತಿಯಲ್ಲಿ ಕಾರ್ಡ್ ಕಟ್ಟುವುದು ಹೇಗೆ?

"31 ಸ್ವರಗಳ ಟ್ಯೂನಿಂಗ್ ಫೈಲ್ ಹಾಕಿದೆ, ಎಂದಿನಂತೆ ಸಿ-ಇ-ಜಿ ಒತ್ತಿದೆ, ಕಿವಿ ಮುಚ್ಚಿಕೊಳ್ಳುವ ಹಾಗಾಯಿತು. ಫೈಲ್ ಸರಿಯಿಲ್ಲವೇ?" ಮೈಕ್ರೋಟೋನಲ್ ಶ್ರುತಿಯಲ್ಲಿ, ಅಂದರೆ ಎಂದಿನ ಹನ್ನೆರಡು ಸ್ವರಗಳ ಬದಲು ಬೇರೆ ಅಂತರಗಳಲ್ಲಿ ಸ್ವರಗಳನ್ನಿಡುವ ಶ್ರುತಿಯಲ್ಲಿ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಟ್ಟಲು ಹೊರಟವರಿಂದ ಈ ಪ್ರಶ್ನೆ ನಾನಾ ರೂಪದಲ್ಲಿ ಬರುತ್ತಲೇ ಇರುತ್ತದೆ. ಟ್ಯೂನಿಂಗ್ ಫೈಲ್ ಎಂದರೆ ಯಾವ ಕೀಗೆ ಯಾವ ಸ್ವರ ಎಂದು ಸಿಂಥಸೈಜರ್‌ಗೆ ಹೇಳುವ ಫೈಲ್. ಫೈಲ್ ಸರಿಯಾಗಿಯೇ ಇದೆ. ಆ ಶ್ರುತಿಯಲ್ಲಿ ಪಕ್ಕಪಕ್ಕದ ಕೀಗಳ ನಡುವೆ 100 ಸೆಂಟ್ (ಸ್ವರಗಳ ಅಂತರದ ಅಳತೆ, ವಿವರ ಮುಂದಿದೆ) ಇಲ್ಲ, 38.7 ಸೆಂಟ್ ಮಾತ್ರ ಇದೆ. ನಿಮ್ಮ ಬೆರಳು ನಾಲ್ಕನೆಯ ಮತ್ತು ಏಳನೆಯ ಕೀ ಒತ್ತಿದಾಗ ಸಿಕ್ಕಿದ್ದು 155 ಮತ್ತು 271 ಸೆಂಟ್‌ನ ಸ್ವರಗಳು. ಅಲ್ಲಿ ಗಾಂಧಾರವೂ ಇಲ್ಲ, ಪಂಚಮವೂ ಇಲ್ಲ.

ಹೆಚ್ಚಿನವರು ಮೊದಲು ಶ್ರುತಿ ವ್ಯವಸ್ಥೆಯೊಂದನ್ನು ಆರಿಸಿ, ಆಮೇಲೆ ಅದರಲ್ಲಿ ಕಾರ್ಡ್ ಹುಡುಕಲು ಹೊರಡುತ್ತಾರೆ. ಈ ಲೇಖನದ ದಾರಿ ತಿರುಗುಮುರುಗು. ಬೇಕಾದ ಕಾರ್ಡ್ ಯಾವುದೆಂದು ಅನುಪಾತದಲ್ಲಿ ಬರೆದುಕೊಂಡು, ಕಿವಿಯಲ್ಲಿ ಕೂರಿಸಿಕೊಂಡು, ಅದು ಯಾವ ವ್ಯವಸ್ಥೆಯಲ್ಲಿ ಚೆನ್ನಾಗಿ ಕೂರುತ್ತದೆ ಎಂದು ನಂತರ ಲೆಕ್ಕ ಹಾಕುವುದು.

ಏನೇನು ಬೇಕು?

ಟ್ಯೂನಿಂಗ್ ಫೈಲ್ ಓದಬಲ್ಲ ಒಂದು ಸಾಫ್ಟ್‌ವೇರ್ ಸಿಂಥ್. ಸರ್ಜ್ ಎಕ್ಸ್‌ಟಿ ಉಚಿತ, ಮುಕ್ತ ತಂತ್ರಾಂಶ. ಫೈಲನ್ನು ಎಳೆದು ಅದರ ಕಿಟಕಿಯ ಮೇಲೆ ಬಿಟ್ಟರೆ ಸಾಕು. ಒಂದು ಮಿಡಿ ಕೀಬೋರ್ಡ್ (ಒತ್ತಿದ ಕೀಯ ಸಂಖ್ಯೆಯನ್ನು ಸಿಂಥ್‌ಗೆ ಕಳಿಸುವಂಥದ್ದು), ಲಾಗ್ ಗುಂಡಿ ಇರುವ ಕ್ಯಾಲ್ಕುಲೇಟರ್, ಸರಳ ಟೆಕ್ಸ್ಟ್ ಎಡಿಟರ್. ಫೈಲ್ ತಯಾರಿಸಿಕೊಡಲು ಸ್ಕಾಲಾ, ಸ್ಕೇಲ್ ವರ್ಕ್‌ಶಾಪ್‌ನಂಥ ಸಾಧನಗಳಿವೆ. ಆದರೆ ಮೊದಲ ಫೈಲನ್ನು ಕೈಯಾರೆ ಬರೆಯಿರಿ, ಹದಿನಾಲ್ಕು ಸಾಲಿನ ಕೆಲಸ.

ಮುಂದೆ ಮತ್ತೆ ಮತ್ತೆ ಬರುವ ಪದಗಳು ಇವು:

ಸೆಂಟ್: ಒಂದು ಸ್ಥಾಯಿಯನ್ನು 1200 ಸಮಭಾಗ ಮಾಡಿದಾಗ ಸಿಗುವ ಒಂದು ಭಾಗ. ಪಿಯಾನೋದ ಪಕ್ಕಪಕ್ಕದ ಎರಡು ಕೀಗಳ ನಡುವೆ 100 ಸೆಂಟ್.

ಶುದ್ಧ ಶ್ರುತಿ: ಸ್ವರಗಳ ಕಂಪನಾಂಕಗಳು 3/2, 5/4 ಹೀಗೆ ಚಿಕ್ಕ ಪೂರ್ಣಸಂಖ್ಯೆಗಳ ಅನುಪಾತದಲ್ಲಿರುವುದು.

ಸಮವಿಭಾಗ: ಸ್ಥಾಯಿಯನ್ನು 12, 19, 22, 31 ಹೀಗೆ ಇಷ್ಟೇ ಸಮ ಮೆಟ್ಟಿಲುಗಳಾಗಿ ಹಂಚುವುದು. ನಮ್ಮ ಸಾಮಾನ್ಯ ಕೀಬೋರ್ಡ್ 12 ಸಮವಿಭಾಗ.

ಕೋಮಾ: ಎರಡು ದಾರಿಯಲ್ಲಿ ಹೋಗಿ ಒಂದೇ ಸ್ವರವನ್ನು ಮುಟ್ಟಬೇಕಾದಾಗ ಉಳಿದುಬಿಡುವ ಚಿಲ್ಲರೆ ವ್ಯತ್ಯಾಸ.

ಗಾಂಧಾರ, ಪಂಚಮ, ನಿಷಾದ ಎಂದಾಗಲೆಲ್ಲ ಆಯಾ ಕಾರ್ಡ್‌ನ ತಳದ ಸ್ವರವನ್ನೇ ಷಡ್ಜವೆಂದು ಎಣಿಸಿಕೊಳ್ಳಿ.

ಹಂತ 1: ಕಾರ್ಡನ್ನು ಅನುಪಾತದಲ್ಲಿ ಬರೆಯಿರಿ

ಒಂದೇ ತಂತಿಯಿಂದ ಹೊರಡುವ ಅನುಸ್ವರಗಳನ್ನು (ಹಾರ್ಮೋನಿಕ್, ಮೂಲ ಕಂಪನಾಂಕದ ಎರಡು, ಮೂರು, ನಾಲ್ಕು ಪಟ್ಟಿನಲ್ಲಿ ಮೊಳಗುವ ಸ್ವರಗಳು) 1, 2, 3, 4, 5 ಎಂದು ಎಣಿಸುತ್ತ ಹೋಗಿ. 4, 5, 6ನೆಯವು ಸೇರಿದರೆ ಮೇಜರ್ ಕಾರ್ಡ್. ಇದನ್ನು 4:5:6 ಎಂದು ಬರೆಯುತ್ತಾರೆ. ತಳದ ಸ್ವರ 400 ಹರ್ಟ್ಸ್ ಆದರೆ ಮೇಲಿನವು 500 ಮತ್ತು 600. ಇದರ ಮೇಲೆ 7ನ್ನು ಸೇರಿಸಿ 4:5:6:7 ಮಾಡಿದರೆ ಏಳನೆಯ ಅನುಸ್ವರವುಳ್ಳ ಸೆವೆಂತ್ ಕಾರ್ಡ್.

ಅನುಪಾತವನ್ನು ಸೆಂಟ್‌ಗೆ ಇಳಿಸುವ ಸೂತ್ರ: ಅನುಪಾತದ ಲಾಗ್ ತೆಗೆದು 3986.31ರಿಂದ ಗುಣಿಸಿ. ಉದಾಹರಣೆಗೆ 5÷4 = 1.25, ಅದರ ಲಾಗ್ 0.09691, ಗುಣಿಸಿದರೆ 386.3. ಇಲ್ಲಿ ಬಳಸಬೇಕಾದ್ದು ಹತ್ತರ ಆಧಾರದ ಲಾಗ್. ಕ್ಯಾಲ್ಕುಲೇಟರ್‌ನಲ್ಲಿ ಅದರ ಪಕ್ಕದಲ್ಲೇ ಇರುವ ಇನ್ನೊಂದು ಗುಂಡಿ, ಸಹಜ ಲಾಗ್ ಒತ್ತಿದರೆ ಉತ್ತರ 890ರ ಹತ್ತಿರ ಬರುತ್ತದೆ. ಗಾಂಧಾರ ಪಂಚಮವನ್ನು ದಾಟಿ ಹೋಗಿದ್ದರೆ ಗುಂಡಿ ತಪ್ಪಿದೆ ಎಂದೇ ಅರ್ಥ.

ಶುರುವಿಗೆ ಈ ಆರು ಕಾರ್ಡ್ ಸಾಕು:

4:5:6 (ಮೇಜರ್): 0, 386.3, 702.0
10:12:15 (ಮೈನರ್): 0, 315.6, 702.0
6:7:9 (ಇನ್ನೂ ಇಳಿದ ಮೈನರ್): 0, 266.9, 702.0
14:18:21 (ಇನ್ನೂ ಏರಿದ ಮೇಜರ್): 0, 435.1, 702.0
18:22:27 (ಮಧ್ಯಮ ಕಾರ್ಡ್, ಮೇಜರೂ ಅಲ್ಲ, ಮೈನರೂ ಅಲ್ಲ): 0, 347.4, 702.0
4:5:6:7 (ಏಳನೆಯ ಅನುಸ್ವರದ ಸೆವೆಂತ್): 0, 386.3, 702.0, 968.8

ಮೊದಲ ಐದರಲ್ಲಿ ಪಂಚಮ ಕದಲಿಲ್ಲ, ಗಾಂಧಾರವಷ್ಟೇ ಸರಿದಿದೆ. ಈ ಐದು ಗಾಂಧಾರಗಳನ್ನು ಕಿವಿಗೆ ಹಿಡಿಸಿಕೊಳ್ಳುವುದೇ ಮೈಕ್ರೋಟೋನಲ್ ಕಾರ್ಡ್‌ಗಳ ಅರ್ಧ ಪಾಠ.

ಸಂಖ್ಯೆಗಳು ಚಿಕ್ಕವಿದ್ದಷ್ಟೂ ಕಾರ್ಡ್ ಹೆಚ್ಚು ಬೆಸೆದು ಕೇಳಿಸುತ್ತದೆ ಎಂಬುದು ಸುಮಾರಾಗಿ ನಿಜ. ಹಾಗೆಂದು ಅದನ್ನೇ ಶಾಸನ ಮಾಡಿಕೊಳ್ಳಬೇಡಿ. 12 ಸಮವಿಭಾಗದ ಮೈನರ್ ಗಾಂಧಾರ 300 ಸೆಂಟ್. 6/5ಕ್ಕಿಂತ ಸುಮಾರು 16 ಸೆಂಟ್ ತಗ್ಗು. ಆದರೂ ಅದು ಕೆಟ್ಟದಾಗಿ ಕೇಳಿಸದಿರಲು ಒಂದು ಕಾರಣ, 297.5 ಸೆಂಟ್‌ನ 19/16 ಅದರ ಪಕ್ಕದಲ್ಲೇ ಇರುವುದು. ಅಂದರೆ 16:19:24 ಕೂಡ ಒಂದು ಮೈನರ್ ಕಾರ್ಡೇ.

ಹಂತ 2: ಅಭ್ಯಾಸದ ಫೈಲ್ ಬರೆಯಿರಿ

ಈ ಐದೂ ಗಾಂಧಾರಗಳನ್ನು ಒಂದೇ ಕೀಬೋರ್ಡಿನಲ್ಲಿ ಪಕ್ಕಪಕ್ಕ ಇಟ್ಟುಕೊಳ್ಳೋಣ. ಸಿ, ಜಿ ಎರಡೂ ತಮ್ಮ ಜಾಗದಲ್ಲೇ ಉಳಿಯಬೇಕು. ಸ್ಥಾಯಿಗೆ 12 ಕೀಗಳೇ ಇರಬೇಕು. ಟೆಕ್ಸ್ಟ್ ಎಡಿಟರಿನಲ್ಲಿ ಮೊದಲ ಸಾಲಿಗೆ ಒಂದು ಹೆಸರು, ಎರಡನೆಯ ಸಾಲಿಗೆ ಸ್ವರಗಳ ಸಂಖ್ಯೆ, ಆಮೇಲೆ ಸಾಲಿಗೊಂದು ಸ್ವರ (ಹೆಸರಿನ ಸಾಲನ್ನು ಇಲ್ಲಿ ತೋರಿಸಿಲ್ಲ):

12
9/8
7/6
6/5
11/9
5/4
9/7
3/2
8/5
5/3
7/4
15/8
2/1

ಇದನ್ನು ಎಸ್‌ಸಿಎಲ್ (.scl) ಎಂಬ ವಿಸ್ತರಣೆ ಕೊಟ್ಟು ಉಳಿಸಿ. ಮೂರು ಎಚ್ಚರಿಕೆಗಳಿವೆ. ಒಂದು, ಷಡ್ಜವನ್ನು, ಎಂದರೆ 1/1ನ್ನು ಬರೆಯಬಾರದು. ಅದು ಇದ್ದೇ ಇದೆ ಎಂದು ಸಿಂಥ್ ಭಾವಿಸುತ್ತದೆ. ಬರೆದರೆ ಎಲ್ಲ ಸ್ವರಗಳೂ ಒಂದೊಂದು ಕೀ ಬಲಕ್ಕೆ ಜರುಗುತ್ತವೆ. ಎರಡು, ಕೊನೆಯ 2/1 ಬಿಡಬಾರದು. ಸ್ಥಾಯಿ ಎಲ್ಲಿ ಮುಗಿಯುತ್ತದೆ ಎಂದು ಹೇಳುವುದು ಆ ಸಾಲು. ಮೂರನೆಯದು ಎಲ್ಲರೂ ಬೀಳುವ ಹಳ್ಳ: ಅನುಪಾತದ ಬದಲು ಸೆಂಟ್ ಬರೆಯುವುದಾದರೆ ದಶಮಾಂಶ ಚುಕ್ಕಿ ಕಡ್ಡಾಯ. 386.0 ಎಂದರೆ 386 ಸೆಂಟ್. ಚುಕ್ಕಿಯಿಲ್ಲದೆ 386 ಎಂದರೆ 386/1 ಎಂಬ ಅನುಪಾತ, ಅಂದರೆ ಎಂಟು ಸ್ಥಾಯಿಗಿಂತಲೂ ಮೇಲಿನ ಸ್ವರ. ಒಂದು ಕೀ ಒತ್ತಿದಾಗ ಏನೂ ಕೇಳಿಸದಿದ್ದರೆ ಅಥವಾ ಸೊಳ್ಳೆಯ ಹಾಗೆ ಕುಂಯ್ ಎಂದರೆ ಮೊದಲು ಚುಕ್ಕಿ ಹುಡುಕಿ. ಹೆಸರಿನ ಸಾಲನ್ನು ರೋಮನ್ ಅಕ್ಷರದಲ್ಲೇ ಬರೆಯುವುದು ಕ್ಷೇಮ; ಬೇರೆ ಲಿಪಿ ಕಂಡರೆ ಕೆಲವು ಸಿಂಥ್‌ಗಳು ತಡವರಿಸುತ್ತವೆ.

ಈಗ ಸಿ ಮತ್ತು ಜಿ ಒತ್ತಿ ಹಿಡಿದು, ನಡುವೆ ಡಿ, ಡಿ ಶಾರ್ಪ್, ಇ, ಎಫ್, ಎಫ್ ಶಾರ್ಪ್ ಕೀಗಳನ್ನು ಒಂದಾದ ಮೇಲೊಂದು ಒತ್ತಿ. ಐದೂ ಕಾರ್ಡ್ ಸಾಲಾಗಿ ಬರುತ್ತವೆ: 7/6, 6/5, 11/9, 5/4, 9/7. ಎಫ್ ಒತ್ತಿದಾಗ ಬರುವುದು ಶುದ್ಧ ಮೇಜರ್ ಎಂಬುದು ನೆನಪಿರಲಿ. ಕೈ ರೂಢಿಯಿಂದ ಇ ಕಡೆಗೆ ಎಳೆಯುತ್ತದೆ. ಸಿ, ಎಫ್, ಜಿ, ಎ ಶಾರ್ಪ್ ಸೇರಿಸಿದರೆ 4:5:6:7.

ಈ ಫೈಲ್ ಸಿ ಮೇಲೆ ಕಟ್ಟಿದ ಕಾರ್ಡ್‌ಗಳಿಗೆ ಮಾತ್ರ. ಇದರಲ್ಲಿ ಹಾಡು ಕಟ್ಟಲು ಹೋಗಬೇಡಿ.

ಹಂತ 3: ಬೀಟ್ ಎಣಿಸಲು ಕಲಿಯಿರಿ

ಎರಡು ಸ್ವರಗಳ ಅನುಸ್ವರಗಳು ಹತ್ತಿರ ಬಂದು ಒಂದಾಗದೆ ಉಳಿದಾಗ ಧ್ವನಿ ಉಬ್ಬಿ ಇಳಿಯುತ್ತದೆ. ಅದೇ ಬೀಟ್. ಕಾರ್ಡ್ ಶ್ರುತಿಗೆ ಕೂತಿದೆಯೇ ಎಂದು ತಿಳಿಯಲು ಇದಕ್ಕಿಂತ ನಂಬಿಕೆಯ ಅಳತೆ ಇಲ್ಲ.

ಮಧ್ಯದ ಸಿ 261.63 ಹರ್ಟ್ಸ್. 12 ಸಮವಿಭಾಗದ ಇ 329.63. ಸಿ ಸ್ವರದ ಐದನೆಯ ಅನುಸ್ವರ 1308.1, ಇ ಸ್ವರದ ನಾಲ್ಕನೆಯದು 1318.5. ಇವೆರಡೂ ಒಂದೇ ಆಗಬೇಕಿತ್ತು, ಆಗಿಲ್ಲ. ವ್ಯತ್ಯಾಸ 10.4, ಅಂದರೆ ಸೆಕೆಂಡಿಗೆ ಹತ್ತು ಸಲಕ್ಕೂ ಹೆಚ್ಚು ಧ್ವನಿ ನಡುಗುತ್ತದೆ. ಹುಟ್ಟಿದಾಗಿನಿಂದ ಕೇಳಿದ್ದರಿಂದ ಈ ನಡುಕವನ್ನೇ ನಾವು ಮೇಜರ್ ಕಾರ್ಡ್‌ನ "ಹೊಳಪು" ಎಂದುಕೊಂಡಿದ್ದೇವೆ. ಅದೇ ಜಾಗದಲ್ಲಿ 19 ಸಮವಿಭಾಗದ ಗಾಂಧಾರ ಸೆಕೆಂಡಿಗೆ ಸುಮಾರು 5.6 ಬೀಟ್ ಕೊಡುತ್ತದೆ, 31ರದ್ದು 0.6. ಶುದ್ಧ 5/4 ಬೀಟ್ ಕೊಡುವುದೇ ಇಲ್ಲ, ಗೋಡೆಯ ಹಾಗೆ ನಿಲ್ಲುತ್ತದೆ. ಮೊದಲ ಸಲ ಕೇಳಿದವರಿಗೆ ಅದು ಸಪ್ಪೆ ಅನ್ನಿಸುವುದುಂಟು. ಹತ್ತು ನಿಮಿಷ ಅದನ್ನೇ ಕೇಳಿ ಹಳೆಯ ಟ್ಯೂನಿಂಗ್‌ಗೆ ಮರಳಿ; ಆಗ ಯಾವುದು ಹೇಗೆಂದು ಕಿವಿಯೇ ಹೇಳುತ್ತದೆ.

ಬೀಟ್ ಕೇಳಬೇಕಾದರೆ ಧ್ವನಿಯ ಆಯ್ಕೆ ಸರಿಯಿರಬೇಕು. ಬರಿಯ ಸೈನ್ ಅಲೆಯಲ್ಲಿ ಅನುಸ್ವರಗಳೇ ಇಲ್ಲ, ಆದ್ದರಿಂದ ಶ್ರುತಿ ತಪ್ಪಿದ ಗಾಂಧಾರವೂ ತಣ್ಣಗೆ ಕೇಳಿಸುತ್ತದೆ. ಒಂದೇ ಆಸಿಲೇಟರ್‌ನ ಸಾಟೂತ್ ಅಲೆ ತೆಗೆದುಕೊಂಡು, ಫಿಲ್ಟರನ್ನು ಅರ್ಧ ತೆರೆದು, ಕೋರಸ್, ಡಿಟ್ಯೂನ್, ಯೂನಿಸನ್, ವೈಬ್ರಾಟೋ, ರಿವರ್ಬ್ ಎಲ್ಲವನ್ನೂ ಮುಚ್ಚಿ. ಯೂನಿಸನ್ ಡಿಟ್ಯೂನ್ 10 ಸೆಂಟ್ ಇಟ್ಟುಕೊಂಡು 31 ಸಮವಿಭಾಗದ 0.8 ಸೆಂಟ್ ದೋಷದ ಬಗ್ಗೆ ವಾದ ಮಾಡುವುದರಲ್ಲಿ ಅರ್ಥವಿಲ್ಲ. ಪಿಯಾನೋ ಧ್ವನಿಯೂ ಇಲ್ಲಿ ಒದಗುವುದಿಲ್ಲ: ಪಿಯಾನೋ ತಂತಿ ಗಡುಸಾದ್ದರಿಂದ ಅದರ ಅನುಸ್ವರಗಳು ಸರಿಯಾದ ಗುಣಕಗಳಿಗಿಂತ ಸ್ವಲ್ಪ ಏರಿರುತ್ತವೆ, ಶುದ್ಧ ಅನುಪಾತ ಹಾಕಿದರೂ ಬೀಟ್ ಪೂರ್ತಿ ಅಡಗದು.

ಹಂತ 4: ಯಾವ ಸಮವಿಭಾಗ ಎಂದು ಲೆಕ್ಕ ಹಾಕಿ

ಶುದ್ಧ ಅನುಪಾತದ ಫೈಲ್ ಒಂದು ಷಡ್ಜಕ್ಕೆ ಅಂಟಿಕೊಂಡಿರುತ್ತದೆ. ಷಡ್ಜ ಬದಲಿಸುತ್ತ ಕಾರ್ಡ್ ನಡೆಸಬೇಕಾದರೆ ಸಮವಿಭಾಗ ಅನುಕೂಲ, ಯಾವ ಕೀಯಿಂದ ಹೊರಟರೂ ಅಂತರಗಳು ಒಂದೇ.

ಲೆಕ್ಕ ಹೀಗೆ. ಅನುಪಾತದ ಸೆಂಟನ್ನು 1200ರಿಂದ ಭಾಗಿಸಿ, ಮೆಟ್ಟಿಲುಗಳ ಸಂಖ್ಯೆಯಿಂದ ಗುಣಿಸಿ, ಹತ್ತಿರದ ಪೂರ್ಣಸಂಖ್ಯೆಗೆ ತನ್ನಿ. 31ರಲ್ಲಿ 5/4: 386.31 ÷ 1200 × 31 = 9.98, ಅಂದರೆ 10 ಮೆಟ್ಟಿಲು. 3/2: 18.13, ಅಂದರೆ 18. 7/4: 25.03, ಅಂದರೆ 25. ದಶಮಾಂಶ ಭಾಗ ಸೊನ್ನೆಗೋ ಒಂದಕ್ಕೋ ಹತ್ತಿರವಿದ್ದಷ್ಟೂ ಒಳ್ಳೆಯದು; .5ರ ಆಸುಪಾಸಿನಲ್ಲಿದ್ದರೆ ಆ ವ್ಯವಸ್ಥೆಯಲ್ಲಿ ಆ ಸ್ವರ ಇಲ್ಲವೆಂದೇ ತಿಳಿಯಿರಿ.

31 ಸಮವಿಭಾಗವನ್ನು ಮೊದಲ ವ್ಯವಸ್ಥೆಯಾಗಿ ತೆಗೆದುಕೊಳ್ಳಿ ಎಂಬುದು ನಮ್ಮ ಖಚಿತ ಸಲಹೆ. ಕ್ರಿಶ್ಚಿಯಾನ್ ಹೈಗನ್ಸ್ 1691ರಲ್ಲಿ ಇದರ ಲೆಕ್ಕ ವಿವರಿಸಿದ್ದ; 1950ರಲ್ಲಿ ಭೌತವಿಜ್ಞಾನಿ ಆಡ್ರಿಯಾನ್ ಫೊಕ್ಕರ್ ನೆದರ್‌ಲ್ಯಾಂಡ್ಸ್‌ನ ಹಾರ್ಲೆಮ್‌ನಲ್ಲಿ 31 ಸ್ವರಗಳ ಆರ್ಗನ್ ಕಟ್ಟಿಸಿದ. ಸಲಹೆಗೆ ಕಾರಣ ಚರಿತ್ರೆಯಲ್ಲ, ಹಂತ 1ರ ಐದು ಗಾಂಧಾರಗಳೂ ಇಲ್ಲಿ ಸಾಲಾಗಿ ಕೂರುತ್ತವೆ ಎಂಬುದು (ಮೊದಲು ತಳದಿಂದ ಎಣಿಸಿದ ಮೆಟ್ಟಿಲುಗಳು, ಆವರಣದಲ್ಲಿ ಗಾಂಧಾರದ ಸೆಂಟ್):

0-7-18: ಇಳಿದ ಮೈನರ್ (271.0)
0-8-18: ಮೈನರ್ (309.7)
0-9-18: ಮಧ್ಯಮ ಕಾರ್ಡ್ (348.4)
0-10-18: ಮೇಜರ್ (387.1)
0-11-18: ಏರಿದ ಮೇಜರ್ (425.8)
0-10-18-25: 4:5:6:7

ಏಳರಿಂದ ಹನ್ನೊಂದರವರೆಗೆ ಒಂದೊಂದೇ ಮೆಟ್ಟಿಲು. ಇದಕ್ಕಿಂತ ಸುಲಭವಾಗಿ ನೆನಪಿಡುವ ಕೋಷ್ಟಕ ಬೇರೆ ಯಾವ ವ್ಯವಸ್ಥೆಯಲ್ಲೂ ಸಿಗಲಾರದು. ದೌರ್ಬಲ್ಯ ಎರಡು: ಪಂಚಮ 5.2 ಸೆಂಟ್ ತಗ್ಗು; ಏರಿದ ಮೇಜರ್ 9/7ಕ್ಕಿಂತ ಒಂಬತ್ತು ಸೆಂಟ್ ತಗ್ಗು.

19 ಸಮವಿಭಾಗದಲ್ಲಿ ಮೇಜರ್ 0-6-11, ಮೈನರ್ 0-5-11. ಮೇಜರ್ ಗಾಂಧಾರ 7.4 ಸೆಂಟ್, ಪಂಚಮ 7.2 ಸೆಂಟ್ ತಗ್ಗು. ಎರಡೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗಿರುವುದರಿಂದ ಅವುಗಳ ನಡುವಿನ ಮೈನರ್ ಗಾಂಧಾರ ಮಾತ್ರ 0.15 ಸೆಂಟ್‌ನೊಳಗೆ ಶುದ್ಧ. ಗಿಟಾರ್‌ಗೆ ಫ್ರೆಟ್ ಹಾಕಿಸುವವರಿಗೆ 19 ಹಿತ, 31ರಲ್ಲಿ ಮೇಲಿನ ಫ್ರೆಟ್‌ಗಳ ನಡುವೆ ಬೆರಳಿಗೆ ಜಾಗ ಸಾಲದು.

22ರಲ್ಲಿ ಮೇಜರ್ 0-7-13, ಮೈನರ್ 0-6-13. ಇಲ್ಲಿ ದೋಷಗಳು ಎದುರುಬದುರು: ಗಾಂಧಾರ 4.5 ತಗ್ಗು, ಪಂಚಮ 7.1 ಏರು. ಆದ್ದರಿಂದ ಮೈನರ್ ಗಾಂಧಾರ 11.6 ಸೆಂಟ್ ಏರಿ ಕೂರುತ್ತದೆ. ಒಂದೊಂದೇ ಸ್ವರದ ದೋಷ ನೋಡಿ ಸಮಾಧಾನಪಟ್ಟುಕೊಳ್ಳದೆ, ಕಾರ್ಡ್‌ನ ಪ್ರತಿ ಜೋಡಿಯ ದೋಷವನ್ನೂ ನೋಡಬೇಕು ಎನ್ನುವುದು ಇದಕ್ಕೇ. 0-8-13 ಮಾತ್ರ 22ರ ಹೆಮ್ಮೆ, 436.4 ಸೆಂಟ್‌ನ ಆ ಗಾಂಧಾರ 9/7ಕ್ಕೆ 1.3 ಸೆಂಟ್ ಅಷ್ಟೇ ದೂರ.

22 ಎಂದ ಕೂಡಲೇ ನಮ್ಮ ಓದುಗರು ಕೇಳುವುದು ಇಪ್ಪತ್ತೆರಡು ಶ್ರುತಿಗಳ ಬಗ್ಗೆ. ಸಂಖ್ಯೆ ಒಂದೇ, ವಸ್ತು ಬೇರೆ. ಈಗ ಸಾಮಾನ್ಯವಾಗಿ ಕೊಡುವ ಅನುಪಾತಗಳ ಪಟ್ಟಿಯಲ್ಲಿ ಪಕ್ಕಪಕ್ಕದ ಶ್ರುತಿಗಳ ನಡುವೆ ಸುಮಾರು 22, 71, 90 ಸೆಂಟ್ ಹೀಗೆ ಮೂರು ಬಗೆಯ ಅಂತರಗಳಿವೆ. 22 ಸಮವಿಭಾಗದಲ್ಲಿ ಎಲ್ಲವೂ 54.5. ಒಂದರ ಫೈಲನ್ನು ಇನ್ನೊಂದಕ್ಕೆ ಬಳಸಿದರೆ ಎರಡೂ ಕೆಡುತ್ತವೆ.

24 ಸಮವಿಭಾಗ, ಅಂದರೆ ಕ್ವಾರ್ಟರ್ ಟೋನ್. ಮಧ್ಯಮ ಕಾರ್ಡಿಗೆ (0-7-14) ಮತ್ತು 11/8ಕ್ಕೆ ಬಹಳ ಒಳ್ಳೆಯದು. 11/8 ಇರುವುದು 551.3ರಲ್ಲಿ, ಇಲ್ಲಿ ಸಿಗುವುದು 550. ಉಳಿದಂತೆ ಮೇಜರ್, ಮೈನರ್ ಎರಡೂ 12ರಲ್ಲಿ ಇದ್ದ ಹಾಗೆಯೇ ಇವೆ. ಇಲ್ಲಿ ಒಂದು ಗುಪ್ತ ಬಲೆ ಇದೆ. 4:5:7 ಕಟ್ಟಬೇಕು ಅನ್ನಿ. 5/4ಕ್ಕೆ ಹತ್ತಿರದ ಮೆಟ್ಟಿಲು 8. 7/4ಕ್ಕೆ 19. ಇವೆರಡರ ನಡುವಿನ 7/5ಕ್ಕೆ ಹತ್ತಿರದ್ದು 12. ಆದರೆ 19ರಲ್ಲಿ 8 ಕಳೆದರೆ 11! ಮೂರು ಜೋಡಿಗಳೂ ಒಟ್ಟಿಗೆ ತಮ್ಮ ಉತ್ತಮ ಜಾಗದಲ್ಲಿ ಕೂರುವುದು ಅಸಾಧ್ಯ. 11 ಮೆಟ್ಟಿಲು ಇಟ್ಟರೆ 7/5 ಇರಬೇಕಾದಲ್ಲಿ 32 ಸೆಂಟ್ ತಗ್ಗಿದ ಸ್ವರ ಕೂತು ಕಾರ್ಡ್ ಹುಳಿಯಾಗುತ್ತದೆ. ಯಾವುದೇ ಹೊಸ ವ್ಯವಸ್ಥೆಯಲ್ಲಿ ಕಾರ್ಡ್ ಕಟ್ಟುವ ಮುನ್ನ ಈ ಕಳೆಯುವ ಲೆಕ್ಕವನ್ನು ಒಮ್ಮೆ ಮಾಡಿ.

ಹಂತ 5: ಕೀಗಳ ಹಂಚಿಕೆ

31 ಸ್ವರಗಳನ್ನು ಸಾಲಾಗಿ ಹಂಚಿದರೆ 88 ಕೀಗಳ ದೊಡ್ಡ ಕೀಬೋರ್ಡೂ ಮೂರು ಸ್ಥಾಯಿ ಮುಟ್ಟುವುದಿಲ್ಲ. ಮಿಡಿಯ 128 ಸಂಖ್ಯೆಗಳೆಲ್ಲ ಸೇರಿ ನಾಲ್ಕು ಸ್ಥಾಯಿ ಚಿಲ್ಲರೆ. ಪಂಚಮವೇ 18 ಕೀ ದೂರ ಹೋಗುವುದರಿಂದ ಒಂದು ಕೈಯಲ್ಲಿ ಕಾರ್ಡ್ ಹಿಡಿಯುವುದು ಕನಸಿನ ಮಾತು.

ಪರಿಹಾರ, 31ರಲ್ಲಿ ಹನ್ನೆರಡನ್ನು ಆರಿಸಿ ಬೇರೆ ಎಸ್‌ಸಿಎಲ್ ಫೈಲ್ ಮಾಡುವುದು. ಮೇಜರ್, ಮೈನರ್, 4:5:6:7 ಮೂರೂ ಬೇಕೆಂದರೆ ಮೆಟ್ಟಿಲುಗಳು 0, 3, 5, 8, 10, 13, 15, 18, 20, 23, 25, 28 ಇರಲಿ. ಸೊನ್ನೆಯನ್ನು ಬಿಟ್ಟು ಪ್ರತಿಯೊಂದನ್ನೂ 38.70968ರಿಂದ ಗುಣಿಸಿ ಸೆಂಟ್ ಬರೆಯಿರಿ, ಕೊನೆಗೆ 2/1. ಹೀಗೆ ಮಾಡಿದರೆ ಸಿ-ಇ-ಜಿ ಕೀಗಳಲ್ಲಿ ಮೇಜರ್, ಡಿ ಶಾರ್ಪ್‌ನಲ್ಲಿ ಮೈನರ್ ಗಾಂಧಾರ, ಎ ಶಾರ್ಪ್‌ನಲ್ಲಿ ಏಳನೆಯ ಅನುಸ್ವರ ಸಿಗುತ್ತವೆ. ಬೆರಳು ಹೊಸದಾಗಿ ಕಲಿಯಬೇಕಾದ್ದು ಇಲ್ಲ. ಆದರೆ ಎಲ್ಲ ಕೀಗಳ ಮೇಲೂ ಎಲ್ಲ ಕಾರ್ಡೂ ಸರಿಬರುವುದಿಲ್ಲ. ಯಾವ ಕೀಯಿಂದ 18 ಮೆಟ್ಟಿಲ ಪಂಚಮ ಸಿಗುತ್ತದೆ, ಯಾವುದರಿಂದ ಸಿಗುವುದಿಲ್ಲ ಎಂದು ಒಂದು ಕಾಗದದಲ್ಲಿ ಬರೆದು ಕೀಬೋರ್ಡ್ ಮೇಲೆ ಅಂಟಿಸಿಕೊಳ್ಳಿ.

ಕೀ ಹಂಚಿಕೆಯನ್ನು ಹೇಳುವ ಇನ್ನೊಂದು ಫೈಲ್ ಇದೆ, ಕೆಬಿಎಂ (.kbm). ಅದನ್ನು ಕೊಡದಿದ್ದರೆ 60ನೆಯ ಮಿಡಿ ಸಂಖ್ಯೆ, ಅಂದರೆ ಮಧ್ಯದ ಸಿ, 261.63 ಹರ್ಟ್ಸ್‌ನ ಷಡ್ಜವಾಗುತ್ತದೆ. ಬೇರೆ ವಾದ್ಯದ ಜೊತೆ ನುಡಿಸುವಾಗ ಎ 440 ಆಗಿರಬೇಕೆಂದು ಕೆಬಿಎಂನಲ್ಲಿ ಕಟ್ಟಿಹಾಕಿದರೆ ಸಿ ಸರಿಯುತ್ತದೆ ಎಂಬುದು ತಿಳಿದಿರಲಿ. ಎರಡನ್ನೂ ಒಟ್ಟಿಗೆ ಹಿಡಿದಿಡಲು ಆಗುವುದಿಲ್ಲ.

ಹಂತ 6: ಸಿಂಥ್ ಟ್ಯೂನಿಂಗ್ ಫೈಲ್ ಓದದಿದ್ದರೆ

ಎಂಟಿಎಸ್-ಇಎಸ್‌ಪಿ ಎಂಬ ವ್ಯವಸ್ಥೆಯನ್ನು ಒಪ್ಪುವ ಸಿಂಥ್‌ಗಳಿಗೆ ಒಂದೇ ಕಡೆಯಿಂದ ಶ್ರುತಿ ಕಳಿಸಬಹುದು. ಅದೂ ಇಲ್ಲದಿದ್ದರೆ ಉಳಿಯುವುದು ಪಿಚ್ ಬೆಂಡ್, ಸ್ವರವನ್ನು ಏರಿಸುವ ಇಳಿಸುವ ಮಿಡಿ ಸಂದೇಶ. ಬೆಂಡ್ ಒಂದು ಮಿಡಿ ಚಾನೆಲ್‌ನ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಗ್ಗಿಸುವುದರಿಂದ ಕಾರ್ಡ್‌ನ ಪ್ರತಿ ಸ್ವರಕ್ಕೂ ಬೇರೆ ಚಾನೆಲ್ ಬೇಕು.

ಬೆಂಡ್‌ನ ನಡುಬಿಂದು 8192. ವ್ಯಾಪ್ತಿ ಎರಡು ಸೆಮಿಟೋನ್ (200 ಸೆಂಟ್) ಇದ್ದರೆ ಒಂದು ಸೆಂಟ್‌ಗೆ 40.96 ಅಂಕ. ಸಿ ಮೇಲೆ 4:5:6:7 ಬೇಕೆಂದರೆ: ಸಿಗೆ 8192, ಇ 13.7 ಸೆಂಟ್ ಇಳಿಯಬೇಕು, 7631. ಜಿ ಎರಡು ಸೆಂಟ್ ಏರಬೇಕು, 8272. ಎ ಶಾರ್ಪ್ 31.2 ಸೆಂಟ್ ಇಳಿಯಬೇಕು, 6915.

ಇಲ್ಲಿ ಕೆಡುವ ಜಾಗಗಳು ಗೊತ್ತಿರುವಂಥವೇ. ಸಿಂಥ್‌ನ ವ್ಯಾಪ್ತಿ ನೀವು ಎಣಿಸಿದ್ದಕ್ಕಿಂತ ಬೇರೆ ಇರುವುದು ಮೊದಲನೆಯದು: ಎಂಪಿಇ (ಪ್ರತಿ ಸ್ವರವನ್ನೂ ಬೇರೆ ಚಾನೆಲ್‌ನಲ್ಲಿ ಕಳಿಸುವ ಮಿಡಿ ಪದ್ಧತಿ) ಇರುವ ಸಿಂಥ್‌ನಲ್ಲಿ ಪ್ರತಿ ಸ್ವರದ ಚಾನೆಲ್‌ಗೆ ಮೊದಲೇ ಇಟ್ಟಿರುವ ವ್ಯಾಪ್ತಿ 48 ಸೆಮಿಟೋನ್. ಅದಕ್ಕೆ 6915 ಕಳಿಸಿದರೆ ಎ ಶಾರ್ಪ್ 31 ಸೆಂಟ್ ಅಲ್ಲ, 748 ಸೆಂಟ್ ಕೆಳಗೆ ಬೀಳುತ್ತದೆ. ಇನ್ನು, ಬೆಂಡ್ ಸಂದೇಶ ಸ್ವರಕ್ಕಿಂತ ಮೊದಲು ಹೋಗಬೇಕು. ಒಂದೇ ಗಳಿಗೆಗೆ ಇಟ್ಟರೆ ಸ್ವರದ ಆರಂಭದಲ್ಲಿ ಚಿಕ್ಕ ಜಾರು ಕೇಳಿಸುತ್ತದೆ. ಹಾಗೆಯೇ, ಹಿಂದಿನ ಕಾರ್ಡ್‌ನ ಬಾಲ ಇನ್ನೂ ಮೊಳಗುತ್ತಿರುವಾಗ ಅದೇ ಚಾನೆಲ್‌ಗೆ ಹೊಸ ಬೆಂಡ್ ಕಳಿಸಿದರೆ ಬಾಲವೂ ಬಗ್ಗುತ್ತದೆ. ನಾಲ್ಕು ಸ್ವರದ ಕಾರ್ಡಿಗೆ ಎಂಟು ಚಾನೆಲ್ ಇಟ್ಟುಕೊಂಡು, ಸರದಿಯಂತೆ ನಾಲ್ಕು ನಾಲ್ಕು ಬಳಸಿ.

ಹಂತ 7: ಸ್ವರಗಳನ್ನು ಹರಡಿ ಇಡುವುದು

ಶ್ರುತಿ ಎಷ್ಟೇ ಶುದ್ಧವಿರಲಿ, ತಗ್ಗಿನಲ್ಲಿ ಒತ್ತಾಗಿ ಇಟ್ಟ ಕಾರ್ಡ್ ಗೊಗ್ಗರಾಗುತ್ತದೆ. 65.4 ಹರ್ಟ್ಸ್‌ನ ಸಿ ಮೇಲೆ ಶುದ್ಧ ಗಾಂಧಾರ 81.8, ನಡುವಿನ ಅಂತರ ಬರೀ 16 ಹರ್ಟ್ಸ್. ಕಿವಿ ಇವನ್ನು ಎರಡು ಸ್ವರವಾಗಿ ಸ್ಪಷ್ಟವಾಗಿ ಬಿಡಿಸಲಾರದು. ಮಂದ್ರದಲ್ಲಿ ತಳಸ್ವರ, ಪಂಚಮ ಇಷ್ಟನ್ನೇ ಬಿಟ್ಟು ಗಾಂಧಾರವನ್ನು ಒಂದು ಸ್ಥಾಯಿ ಮೇಲೆ ಕಳಿಸಿ.

ಕಾರ್ಡ್ ಮಗುಚಿದಾಗ ಅನುಪಾತವೂ ಬದಲಾಗುತ್ತದೆ. 4:5:6 ಒಮ್ಮೆ ಮಗುಚಿದರೆ 5:6:8, ಮತ್ತೊಮ್ಮೆ ಮಗುಚಿದರೆ 3:4:5. 6:7:9 ಮಗುಚಿದರೆ 7:9:12, ಆಮೇಲೆ 9:12:14. ಮೊದಲನೆಯದರಲ್ಲಿ ಸಂಖ್ಯೆಗಳು ಚಿಕ್ಕವಾಗಿಯೇ ಉಳಿದವು, ಎರಡನೆಯದರಲ್ಲಿ ಬೆಳೆದವು. ಇಳಿದ ಮೈನರ್ ಮೂಲರೂಪದಲ್ಲಿ ಬೆಚ್ಚಗಿದ್ದು, ಮಗುಚಿದರೆ ತಳ ಕಳೆದುಕೊಂಡಂತೆ ಕೇಳಿಸುವುದು ಅದಕ್ಕೇ.

11ನ್ನು ಸೇರಿಸುವಾಗ ಇನ್ನಷ್ಟು ಎಚ್ಚರ. 11/8ಕ್ಕೂ ಪಂಚಮಕ್ಕೂ ನಡುವೆ 151 ಸೆಂಟ್ ಅಷ್ಟೇ. ಒಂದೇ ಸ್ಥಾಯಿಯಲ್ಲಿ ಇಟ್ಟರೆ ಉಜ್ಜುತ್ತವೆ. 4:5:6:7:9:11 ಎಂದು ಅನುಸ್ವರಗಳು ಇರುವ ಎತ್ತರದಲ್ಲೇ ಇಟ್ಟರೆ 11 ತಳಸ್ವರದಿಂದ 1751 ಸೆಂಟ್ ಮೇಲೆ ತೇಲುತ್ತದೆ, ಯಾರ ತಂಟೆಗೂ ಬರುವುದಿಲ್ಲ. 31ರಲ್ಲಿ 11/8 ಒಂಬತ್ತು ಸೆಂಟ್ ತಗ್ಗು ಎಂಬುದನ್ನು ಮಾತ್ರ ಮರೆಯದಿರಿ.

ಹಂತ 8: ಕಾರ್ಡ್‌ನಿಂದ ಕಾರ್ಡ್‌ಗೆ

ಬಿಡಿ ಕಾರ್ಡ್ ಚೆನ್ನಾಗಿ ಕೂತ ಮೇಲೆ ಬರುವ ತೊಡಕು ಇದು. ಸಿ ಮೇಜರ್, ಎ ಮೈನರ್, ಡಿ ಮೈನರ್, ಜಿ ಮೇಜರ್, ಮತ್ತೆ ಸಿ ಮೇಜರ್. ಎಲ್ಲ ಕಾರ್ಡೂ ಶುದ್ಧವಿರಬೇಕು, ಪಕ್ಕದ ಕಾರ್ಡ್‌ಗಳಿಗೆ ಸಾಮಾನ್ಯವಾದ ಸ್ವರ ಕದಲಬಾರದು ಎಂದು ಹಟ ಹಿಡಿಯಿರಿ. ಸಿ 1/1. ಎ 5/3. ಆ ಎ ಹಿಡಿದು ಅದನ್ನೇ ಪಂಚಮ ಮಾಡಿದರೆ ಡಿ 10/9. ಡಿ ಹಿಡಿದು ಅದಕ್ಕೆ ತಳವಾಗಿ ಜಿ 40/27. ಜಿ ಹಿಡಿದು ಸಿಗೆ ಬಂದರೆ 80/81. ಹೊರಟ ಮನೆಗೆ ಬರಲಿಲ್ಲ; 21.5 ಸೆಂಟ್ ಕೆಳಗೆ ಬಂದಿಳಿದಿರಿ. ಐದು ಸುತ್ತು ಹಾಕಿದರೆ ಇಡೀ ಒಂದು ಸೆಮಿಟೋನ್ ಕುಸಿತ.

ಫೈಲ್ ಸ್ಥಿರವಾಗಿದ್ದರೆ ಕುಸಿತವಿಲ್ಲ, ಬದಲಿಗೆ ಒಂದು ಕಾರ್ಡ್ ಒಡೆಯುತ್ತದೆ. ಡಿ ಸ್ವರ 9/8 ಆಗಿದ್ದು ಎ 5/3 ಆಗಿದ್ದರೆ ಅವುಗಳ ನಡುವಿನ ಪಂಚಮ 702ರ ಬದಲು 680 ಸೆಂಟ್. ಇದೇ ಹೆಸರುವಾಸಿಯಾದ ತೋಳ-ಪಂಚಮ. ಕೇಳಿದರೆ ಹೆಸರಿನ ಕಾರಣ ಗೊತ್ತಾಗುತ್ತದೆ. ಡಿ ಮೈನರ್ ಬಂದಾಗ ಮಾತ್ರ ಡಿ 10/9ಕ್ಕೆ ಇಳಿಯುವಂತೆ ಮಾಡುವುದು ಒಂದು ಉಪಾಯ. 21.5 ಸೆಂಟ್‌ನ ಆ ಜಾರು ಒಳದನಿಯಲ್ಲಿದ್ದರೆ ಕೇಳುಗರ ಗಮನಕ್ಕೆ ಬಾರದು, ಮೇಲ್ದನಿಯಲ್ಲಿದ್ದರೆ ಖಂಡಿತ ಬರುತ್ತದೆ.

12, 19, 31ರಲ್ಲಿ ಈ ಕೋಮಾ ಅಳಿಸಿಹೋಗಿದೆ. ಸುತ್ತು ಹೊಡೆದು ಅದೇ ಸಿಗೆ ಬರುತ್ತೀರಿ. 22ರಲ್ಲಿ ಅದೇ ಕೋಮಾ ಒಂದು ಪೂರ್ತಿ ಮೆಟ್ಟಿಲಾಗಿ ಉಬ್ಬಿದೆ, 54.5 ಸೆಂಟ್. ರೂಢಿಯ ಕಾರ್ಡ್ ಸಾಲನ್ನು ಹಾಗೆಯೇ 22ಕ್ಕೆ ಎತ್ತಿಟ್ಟವರು ಡಿ ಮೈನರ್ ಹತ್ತಿರ ಎಡವುವುದು ಇದರಿಂದ. ತಪ್ಪು ಕಿವಿಯದಲ್ಲ, ಆ ಸಾಲೇ ಆ ವ್ಯವಸ್ಥೆಯದಲ್ಲ. 22ರಲ್ಲಿ ಆ ಸಾಲು ಬಿಟ್ಟು, ಒಂದೇ ತಳಸ್ವರದ ಮೇಲೆ 0-7-13ರಿಂದ 0-8-13ಕ್ಕೆ ಗಾಂಧಾರ ಸರಿಸಿ ನೋಡಿ; ಆ ವ್ಯವಸ್ಥೆಯ ಸ್ವಂತ ದನಿ ಅಲ್ಲಿ ಸಿಗುತ್ತದೆ.

4:5:6:7 ಬಗ್ಗೆಯೂ ಇಂಥದೇ ಒಂದು ಮಾತು. 12ರ ಸೆವೆಂತ್ ಕಾರ್ಡ್ ಮುಂದಕ್ಕೆ ತಳ್ಳುತ್ತದೆ, ಬಿಡುಗಡೆ ಕೇಳುತ್ತದೆ. ಶುದ್ಧ ಏಳನೆಯ ಅನುಸ್ವರ ಬಂದಾಗ ಆ ಒತ್ತಡ ಹೋಗಿ ಕಾರ್ಡ್ ತಾನೇ ಮನೆಯಂತೆ ಕೂರುತ್ತದೆ. ತಳ್ಳುವ ಸೆವೆಂತ್ ಬೇಕಿದ್ದಲ್ಲಿ 31ರಲ್ಲಿ 25ರ ಬದಲು 26ನೆಯ ಮೆಟ್ಟಿಲು ಹಾಕಿ.

ಹಂತ 9: ಸ್ಥಾಯಿಯನ್ನೇ ಬಿಟ್ಟರೆ

ಬೋಲೆನ್-ಪಿಯರ್ಸ್ ವ್ಯವಸ್ಥೆ 2/1ರ ಬದಲು 3/1ನ್ನು 13 ಭಾಗ ಮಾಡುತ್ತದೆ; ಮೆಟ್ಟಿಲು 146.3 ಸೆಂಟ್. ಇದರ ಮೂಲ ಕಾರ್ಡ್ 3:5:7, ಮೆಟ್ಟಿಲಲ್ಲಿ 0-6-10. ಫೈಲ್‌ನ ಕೊನೆಯ ಸಾಲು 3/1 ಆಗಬೇಕು. ಅಭ್ಯಾಸಬಲದಿಂದ 2/1 ಬರೆದರೆ ಎಲ್ಲ ಕಲಸುಮೇಲೋಗರ. ಬೆಸ ಅನುಸ್ವರಗಳೇ ಹೆಚ್ಚಿರುವ ಸ್ಕ್ವೇರ್ ಅಲೆ ಅಥವಾ ಕ್ಲಾರಿನೆಟ್‌ನಂಥ ಧ್ವನಿಯಲ್ಲಿ ಮಾತ್ರ ಇದು ಹೊಂದುತ್ತದೆ. ಸಾಟೂತ್‌ನ ಸಮ ಅನುಸ್ವರಗಳು ಇಲ್ಲದ ಸ್ಥಾಯಿಯನ್ನು ನೆನಪಿಸುತ್ತಲೇ ಇರುತ್ತವೆ.

ಹಂತ 10: ಉಳಿಸಿಡುವಾಗ

ಟ್ಯೂನಿಂಗ್ ಫೈಲ್ ಹಾಕಿ ನುಡಿಸಿ ಮಿಡಿ ಫೈಲ್ ಮಾತ್ರ ಉಳಿಸಿದರೆ ಶ್ರುತಿ ಅದರೊಳಗೆ ಹೋಗುವುದಿಲ್ಲ. ಅಲ್ಲಿರುವುದು ಕೀಗಳ ಸಂಖ್ಯೆ ಅಷ್ಟೇ. ಆರು ತಿಂಗಳ ನಂತರ ತೆರೆದಾಗ ಸಿಂಥ್ ಅದನ್ನು 12ರಲ್ಲಿ ನುಡಿಸಿಬಿಡುತ್ತದೆ. ಎಸ್‌ಸಿಎಲ್ ಮತ್ತು ಕೆಬಿಎಂ ಫೈಲ್‌ಗಳನ್ನು ಅದೇ ಫೋಲ್ಡರಿನಲ್ಲಿಡಿ. ವ್ಯವಸ್ಥೆಯ ಸಂಖ್ಯೆ, ಷಡ್ಜದ ಕೀ, ಅದರ ಹರ್ಟ್ಸ್ ಮೂರನ್ನೂ ಫೈಲ್ ಹೆಸರಿಗೇ ಸೇರಿಸಿ. ಸಿಂಥ್‌ನಲ್ಲಿ ಹೊಸ ಪ್ಯಾಚ್ ತೆರೆದಾಗಲೆಲ್ಲ ಟ್ಯೂನಿಂಗ್ ಉಳಿದಿದೆಯೇ ಎಂದು ಒಂದು ಮೇಜರ್ ಕಾರ್ಡ್ ಒತ್ತಿ ಬೀಟ್ ಕೇಳಿ. ಸೆಕೆಂಡಿಗೆ ಹತ್ತು ಸಲ ನಡುಗಿದರೆ ಫೈಲನ್ನು ಮತ್ತೆ ಎಳೆದು ಹಾಕಿ.